ಇಲ್ಲದ ಮರ ಕಡಿಯತಕ್ಕದ್ದಲ್ಲ

ಓದಿದವರಿಗೆ ಇರುವಷ್ಟು ಅಂಜಿಕೆ ಓದದವರಿಗೆ ಇರುವುದಿಲ್ಲ. ಬಿ.ಎ. ಪಾಸಾದ ಮೇಲೆ ನಾನು ಕಂಡುಕೊಂಡ ಸತ್ಯವಿದು. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವನು ನಾನೇ. ಅಪ್ಪ, ಯಾರು ಯಾವ ಕಾಗದ ಮುಂದೆ ಹಿಡಿದರೂ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದು ಬರುವ ಆಸಾಮಿ. "ನೀನರ ಓದಿ ಸೈ ಮಾಡೋ" ಎಂದು ಅವ್ವ ಜೋಳದ ಚೀಲ ಹೊರಿಸಿ ನನ್ನನ್ನು ಧಾರವಾಡಕ್ಕೆ ಕಳಿಸಿದ್ದಳು. ಹೀಗಾಗಿ ಬಸ್ಸಿನ ಟಿಕೆಟ್ಟನ್ನೂ ಹಿಂದುಮುಂದು ಓದದೆ ನಾನು ಕಿಸೆಗೆ ಹಾಕುವವನಲ್ಲ.

ಎಪ್ಪತ್ತರ ದಶಕದ ಕೊನೆಗೆ ಶಿಗ್ಗಾಂವಿಯ ಹೈಸ್ಕೂಲಿಗೆ ಮಾಸ್ತರನಾಗಿ ಬಂದಾಗ ಬಾಬಾಸಾಬರ ಮನೆ ಬಾಡಿಗೆಗೆ ಸಿಕ್ಕಿತು. ಕರಾರುಪತ್ರ ಬರೆದವರು ಕಚೇರಿ ಕಟ್ಟೆಯ ಬಾಂಡ್ ರೈಟರ್ ಭೀಮರಾಯರು. ಸಹಿಗೆ ಮುಂಚೆ ಓದಿದೆ. ಸದರಿ ಬಾವಿಯ ನೀರು ಕೆಡಿಸತಕ್ಕದ್ದಲ್ಲ, ಸದರಿ ಮಾವಿನ ಮರ ಕಡಿಯತಕ್ಕದ್ದಲ್ಲ, ದನಕರು ಕಟ್ಟತಕ್ಕದ್ದಲ್ಲ, ಕಟ್ಟಿದಲ್ಲಿ ತತ್‌ಕ್ಷಣ ಮನೆ ಖಾಲಿ ಮಾಡತಕ್ಕದ್ದು.

"ರಾಯರ, ಆ ಮನ್ಯಾಗ ಬಾವಿನೂ ಇಲ್ಲ, ಮಾವಿನ ಗಿಡಾನೂ ಇಲ್ಲಲ್ರಿ?"

"ಇಲ್ಲಂದ್ರ ಕಡಿಯಾಕ ಬರಂಗಿಲ್ಲ. ಮತ್ಯಾಕ ಅಂಜತೀರಿ? ನಮ್ಮಪ್ಪನ ಕಾಲದಿಂದ ಎಲ್ಲಾರಿಗೂ ಇದ ಬರಹ. ಸೈ ಹೊಡೀರಿ."

ಹೊಡೆದೆ.

ಮುಂದೆ ಹೆಂಡತಿ ತವರಿನಿಂದ ಕೂಸನ್ನು ಕರೆತಂದಳು. ಕೂಸಿಗೆ ಡಬ್ಬಿ ಹಾಲು ಒಗ್ಗಲಿಲ್ಲ, ಕುಡಿದದ್ದೆಲ್ಲ ಹೊರಗೆ. ನಮ್ಮೂರು ದುಂಡಸಿಗೆ ಸುದ್ದಿ ಮುಟ್ಟಿದ್ದೇ ತಡ, ಅವ್ವ ಆಕಳು ಕರು ಎರಡನ್ನೂ ಹೊಡೆದುಕೊಂಡು ನಡೆದೇ ಬಂದು, ಹಿತ್ತಲ ಕಿಟಕಿಯ ಸರಳಿಗೆ ಕಟ್ಟಿದಳು. ಕೂಸಿನ ಹೊಟ್ಟೆ ತಣ್ಣಗಾಯಿತು, ನಾನು ಕರಾರುಪತ್ರ ತೆಗೆದು ಮತ್ತೊಮ್ಮೆ ಓದಿದೆ.

"ಅವ್ವಾ, ಕರಾರಿನ ಪ್ರಕಾರ ನಮ್ಮನ್ನ ಹೊರಗ ಹಾಕ್ತಾರ."

"ಕೂಸನ್ನ ಉಪಾಸ ಕೆಡವ್ರಿ ಅಂತ ಬರದೈತೇನು ಅದರಾಗ?"

ಶುಕ್ರವಾರ ಬಾಬಾಸಾಬರು ನಮಾಜು ಮುಗಿಸಿ ಬಂದರು. ನಾನು ಗಡಬಡಿಸಿ ಕಿಟಕಿಗೆ ಕೌದಿ ಇಳಿಬಿಟ್ಟೆ. ಚಹಾ ಬರುವಷ್ಟರಲ್ಲಿ ಆಕಳು ಆ ಕೌದಿಯನ್ನೇ ಎಳೆದು ಮೆಲ್ಲತೊಡಗಿತು. ಕೌದಿ ಸ್ವಲ್ಪ ಸ್ವಲ್ಪವೇ ಸರಿದು, ಕೊನೆಗೆ ಸರಳಿನಾಚೆ ಅದರ ಮುಖವೇ ಕಾಣಿಸಿತು.

"ಮಾಸ್ತರ್ರ, ಇದು ತಪ್ಪಾತ್ರಿ," ಎಂದರು ಸಾಬರು. "ಮೂಕ ಜನಾವರನ್ನ ಬಿಸಲಾಗ ಕಟ್ಟತಾರೇನ್ರಿ? ಅತ್ತಾಗ ತಗಡಿನ ಚಪ್ಪರ ಖಾಲಿ ಬಿದ್ದೈತಿ, ಅಲ್ಲಿ ಕಟ್ರಿ."

ಇಲ್ಲಿಗೆ ಸುಮ್ಮನಾಗಬೇಕಿತ್ತು. ನನ್ನ ಬಿ.ಎ. ಸುಮ್ಮನಿರಗೊಡಲಿಲ್ಲ. "ಕರಾರಿನ್ಯಾಗ ದನಕರು ಕಟ್ಟಬಾರದು ಅಂತ ಐತಲ್ರಿ?"

ಅವ್ವ ಕಣ್ಣಿನಿಂದಲೇ ನನ್ನ ಬಾಯಿ ಹೊಲಿದಳು.

"ಅದನ್ನ ನೀವು ಓದಿದ್ರೇನು!" ಸಾಬರು ಜ್ವರ ಬಂದವನನ್ನು ನೋಡುವಂತೆ ನನ್ನನ್ನು ನೋಡಿ, ಅವ್ವನ ಕಡೆ ತಿರುಗಿದರು. "ಅಕ್ಕಾರ, ನನ್ನ ಕರಾರು ಒಂದ. ಮುಂದ ಇದು ಈದಾಗ ಮೊದಲನೇ ಗಿಣ್ಣ ನಮ್ಮ ಮನಿಗೆ ಬರಬೇಕು."

"ಬರತೈತ್ರಿ," ಎಂದಳು ಅವ್ವ.

ಕಾಗದದ ಕರಾರು ಹನ್ನೊಂದೇ ತಿಂಗಳದ್ದು. ಆಕಳು ಮತ್ತೆ ಈಯಲು ವರ್ಷವಾದರೂ ಬೇಕು. ಅಂದರೆ ಅಲ್ಲಿಯವರೆಗೂ ಮನೆ ನಮಗೇ. ಅದು ಹೊಳೆದ ಮೇಲೆ ನಾನೂ ಕೂಸಿನ ಹಾಗೆಯೇ ನಿದ್ದೆ ಮಾಡಿದೆ. ಸಾಬರ ಮನೆಗೆ ಗಿಣ್ಣ ಎರಡು ಸಲ ಹೋಯಿತು. ಪಾತ್ರೆ ಒಮ್ಮೆಯೂ ಖಾಲಿ ತಿರುಗಿ ಬರಲಿಲ್ಲ.

ಈಗ ನನ್ನದೇ ಮನೆಯಿದೆ. ಮೊನ್ನೆ ಮೇಲಿನ ಖೋಲಿಯನ್ನು ಬ್ಯಾಂಕಿನ ಗುಮಾಸ್ತರೊಬ್ಬರಿಗೆ ಬಾಡಿಗೆ ಕೊಟ್ಟೆ. ಪಾಪ, ಅವರೂ ಓದಿದವರು, ಕಚೇರಿ ಕಟ್ಟೆಯಲ್ಲಿ ಕರಾರುಪತ್ರವನ್ನೂ ಓದಿದರು. "ಸರ್, ಮಾವಿನ ಮರ ಎಲ್ಲಿದೆ?" ಎಂದರು. "ಇಲ್ಲಂದ್ರ ಕಡಿಯಾಕ ಬರಂಗಿಲ್ಲ, ಸೈ ಹೊಡೀರಿ" ಎಂದು, ನಾನೂ ಓದದೆ ಸಹಿ ಹೊಡೆದೆ. ಪೆನ್ನು ಸೋರಿ ಬೆರಳಿಗೆ ಮಸಿ ಹತ್ತಿತ್ತು. ಎದ್ದು ಬರುವಾಗ ಕೈ ತಾನಾಗಿಯೇ ತಲೆಗೂದಲಿಗೆ ಹೋಯಿತು.