ವಸತಿಗೃಹಗಳಲ್ಲಿ ಅನುಮತಿಯಿಲ್ಲದೆ ಬಾಳುವುದನ್ನು ನಿಷೇಧಿಸುವ ಬಗ್ಗೆ

ಸಂಖ್ಯೆ: ಸಿವವಿ/ಗಾಳಿ/ಇಲ್ಲ/17

ವಿಷಯ: ‘ಹ್ಯಾಬಿಟಬಲ್’, ‘ಲಿವಬಲ್’ ಎಂಬ ಎರಡು ಇಂಗ್ಲಿಷ್ ಗುಣವಾಚಕಗಳು ಒಂದೇ ಎಂದು ತಿಳಿದು ಸಿಬ್ಬಂದಿಯು ಕಿಟಕಿ ಕೇಳುತ್ತಿರುವ ಕುರಿತು.

ಉಲ್ಲೇಖ: ಬಟ್ಟೆ ಒಗೆಯುವ ಘಟಕದ ಹಿರಿಯ ಕೆಲಸಗಾರ್ತಿ, ಎಲ್ಲರೂ ‘ಇಸ್ತ್ರಿಯಕ್ಕ’ ಎನ್ನುವವರ ಅರ್ಜಿ: “ಸಾಹೇಬ್ರೇ, ಈ ರೂಮಲ್ಲಿ ಇರ್ಬಹುದು, ಬಾಳಕ್ಕಾಗಲ್ಲ. ಮಗಳು ಹಸುಗೂಸು ಎತ್ಕೊಂಡು ಬರ್ತಿದಾಳೆ. ಒಂದು ಕಿಟಕಿ ಇಡಿಸ್ಕೊಡಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

ಸದರಿ ಅರ್ಜಿಯನ್ನು ಫ್ಯಾನಿನ ಕೆಳಗೆ ಕುಳಿತು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಒಪ್ಪಂದದಲ್ಲಿ ಕೊಠಡಿಯು ‘ಹ್ಯಾಬಿಟಬಲ್’ ಎಂದಷ್ಟೇ ಇದ್ದು, ‘ಲಿವಬಲ್’ ಎಂದು ಯಾರೂ ಬಾಯಿತಪ್ಪಿಯೂ ಹೇಳಿರುವುದಿಲ್ಲ. ಆದಕಾರಣ ಎಲ್ಲ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ:

1. ಒಳಹೊಕ್ಕವರು ತಕ್ಷಣ ಸಾಯದಿದ್ದರೆ ಅದು ಹ್ಯಾಬಿಟಬಲ್. ಹೊಕ್ಕವರಿಗೆ ಕಾಲು ಚಾಚಿ “ಅಬ್ಬಾ” ಅನ್ನಬೇಕೆನಿಸಿದರೆ ಅದು ಲಿವಬಲ್. ಮೊದಲನೆಯದು ಇಲಾಖೆಯ ಹೊಣೆ; ಎರಡನೆಯದು ನಿವಾಸಿಗಳ ದುರಾಸೆ.

2. ಕಚೇರಿಯ ಹಳೆಯ ಕಬ್ಬಿಣದ ಬೀರುವನ್ನು ಸದರಿ ಕೊಠಡಿಯಲ್ಲಿ ಒಂದು ವಾರ ಇರಿಸಿ ಪರೀಕ್ಷಿಸಲಾಗಿದ್ದು, ಬೀರು ಯಾವುದೇ ದೂರು ನೀಡಿರುವುದಿಲ್ಲ.

3. “ಅಬ್ಬಾ” ಎನ್ನಬಯಸುವವರು ಪೂರ್ವಾನುಮತಿ ಪಡೆದು, ರಸ್ತೆಗೆ ಹೋಗಿ ಅನ್ನತಕ್ಕದ್ದು.

4. ಗಾಳಿ ಸಾಲದಿದ್ದಲ್ಲಿ ಕುಟುಂಬದವರು ಸೇವಾಹಿರಿತನದ ಮೇರೆಗೆ ಸರದಿಯಲ್ಲಿ ಉಸಿರಾಡತಕ್ಕದ್ದು. ಕೂಸು ಹೊಸ ನೇಮಕಾತಿಯಾದ್ದರಿಂದ ಅದರ ಸರದಿ ಕೊನೆಗೆ.

5. ಕೂಸಿನ ಅಳುವನ್ನು ಲಿಖಿತ ರೂಪದಲ್ಲಿ ಸಲ್ಲಿಸಿದರೆ ಮಾತ್ರ ಪರಿಗಣಿಸಲಾಗುವುದು. “ಅದಕ್ಕಿನ್ನೂ ಕತ್ತೇ ನಿಂತಿಲ್ಲ, ಬರೀತದಾ?” ಎಂಬ, ಕೂಸಿನ ಅಜ್ಜಿ ಇಸ್ತ್ರಿಯಕ್ಕನವರ ಸಮಜಾಯಿಷಿಯನ್ನು ಉಡಾಫೆ ಎಂದು ದಾಖಲಿಸಲಾಗಿದೆ.

6. ಇಷ್ಟೆಲ್ಲ ತಿಳಿಹೇಳಿದಾಗ್ಯೂ ಇಸ್ತ್ರಿಯಕ್ಕನವರು, “ನಿಮ್ಮ ಬಾಗಿಲು ತಟ್ಟಿ ತಟ್ಟಿ ಕೈ ಸೋತೋಯ್ತು, ಇನ್ನು ಗೋಡೇನೇ ತಟ್ತೀನಿ” ಎಂದು ಹಾರೆ ಹಿಡಿದು, ನೆರೆಹೊರೆಯವರ ಕುಮ್ಮಕ್ಕಿನಿಂದ ಗೋಡೆಯೊಡೆದು ಕಿಟಕಿ ಮಾಡಿಕೊಂಡಿರುತ್ತಾರೆ. ಪರಿಣಾಮವಾಗಿ ಕೊಠಡಿಯು ಲಿವಬಲ್ ಆಗಿ ಹಾಳಾಗಿರುತ್ತದೆ.

7. ಕಿಟಕಿಯನ್ನು ಮುಚ್ಚಿ ಕೊಠಡಿಯನ್ನು ಮೊದಲಿನ ಸುಸ್ಥಿತಿಗೆ ತರಲು ಇಲಾಖೆಯ ಗಾರೆ ಮೇಸ್ತ್ರಿಯನ್ನು ಕಳುಹಿಸಲಾಗಿತ್ತು. ಮೇಸ್ತ್ರಿಯವರು ಕಿಟಕಿಯ ಬಳಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದು, “ಈಗಷ್ಟೇ ಕಣ್ಣು ಹತ್ತಿದೆ, ಸದ್ದು ಮಾಡ್ಬೇಡಿ” ಎಂದು ಇಲಾಖೆಗೇ ಸೂಚನೆ ಹೊರಡಿಸಿರುತ್ತಾರೆ. ಮುಂದಿನ ಕ್ರಮವನ್ನು ಕೂಸು ಏಳುವವರೆಗೆ ತಡೆಹಿಡಿಯಲಾಗಿದೆ.

(ಸಹಿ ಇದೆ, ಓದಲಾಗದು)
ಅಧೀಕ್ಷಕರು
ಸಿಬ್ಬಂದಿ ವಸತಿ ವಿಭಾಗ

ಪ್ರತಿಗಳು:
ಬೀರುವಿಗೆ, ಸಹಕಾರಕ್ಕಾಗಿ ಶ್ಲಾಘಿಸಿ.
ಮೇಸ್ತ್ರಿಯವರಿಗೆ, ಕಾರಣ ಕೇಳಿ, ಮೆಲುದನಿಯಲ್ಲಿ.
ನೆರೆಯ ನಿವಾಸಿಗಳಿಗೆ, ಹಾರೆಗಳನ್ನು ಕಚೇರಿಗೆ ಒಪ್ಪಿಸಲು. (ಯಾರೂ ಬಂದಿಲ್ಲ. ಗೋಡೆ ಒಡೆಯುವ ಸದ್ದು ಬರುತ್ತಿದೆ.)
ಸದರಿ ಕಿಟಕಿಗೆ ಅಂಟಿಸಲು. (ಮೂರು ಬಾರಿ ಅಂಟಿಸಲಾಯಿತು. ಗಾಳಿಗೆ ನಿಲ್ಲುತ್ತಿಲ್ಲ.)