ಮೂರು ತಾಸಿನ ವೀಕ್ಷಣೆ

ಅಂಬ್ರಪ್ಪನ ಫಜೀತಿಗೆಲ್ಲ ಕಾರಣ ಒಂದೇ ಒಂದು ಸಾಲು. 'ವೀಕ್ಷಣೆಗೆ ಆರಿಸಿಕೊಂಡ ಮಗುವಿಗೆ ನಿಮ್ಮ ಪರಿಚಯ ಇರಬಾರದು' ಎಂದು ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಅಚ್ಚಾಗಿತ್ತು.

ಶಹಾಪುರದಲ್ಲಿ ಅಂಬ್ರಪ್ಪನ ಪರಿಚಯವಿಲ್ಲದ ಮಗುವನ್ನು ಹುಡುಕುವುದೆಂದರೆ ಹತ್ತಿ ಗೋದಾಮಿನಲ್ಲಿ ಕೆಮ್ಮದೆ ಕೂತವನನ್ನು ಹುಡುಕಿದಂತೆ. ಹದಿನಾಲ್ಕು ವರ್ಷದಿಂದ ಅವನು ಅಲ್ಲಿಯ ಖಾಸಗಿ ಶಾಲೆಯೊಂದರ ಜವಾನ. ಜೂನ್ ತಿಂಗಳಲ್ಲಿ ತಾಯಿಯ ಸೆರಗು ಬಿಡದೆ ಚೀರುವ ಮಕ್ಕಳು ಅವನ ಹೆಗಲೇರಿದ ಕೂಡಲೇ ಬಾಯಿ ಮುಚ್ಚುತ್ತಿದ್ದವು. ಆದರೆ ಎಲ್‌ಕೆಜಿ ಕ್ಲಾಸು ಮಾತ್ರ ಪ್ರತಿ ವರ್ಷ ಸರ್ಟಿಫಿಕೇಟು ಇದ್ದವರ ಪಾಲಾಗುತ್ತಿತ್ತು. ಕೊನೆಗೆ ಮೂವತ್ತೆಂಟರ ವಯಸ್ಸಿನಲ್ಲಿ ಅಂಬ್ರಪ್ಪ ಶಿಶು ಶಿಕ್ಷಣದ ಪದವಿಗೆ ಹೆಸರು ಹಚ್ಚಿದ. ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ. "ಈ ಕಡೀದೊಂದು ಪಾಸಾಗಿ ಬಾ, ಸೋಮವಾರದಿಂದ ಎಲ್‌ಕೆಜಿ ನಿನಗ," ಎಂದು ಶಾಲೆಯ ಅಧ್ಯಕ್ಷ ಶ್ರೀಮಂತ ಸರ್ ಮಾತು ಕೊಟ್ಟಿದ್ದರು.

ಕಡೆಯದು ಇಷ್ಟೇ. ಒಂದು ಮಗುವನ್ನು ಮೂರು ತಾಸು ಮುಟ್ಟದೆ, ಮಾತಾಡಿಸದೆ ನೋಡಬೇಕು. ಕಂಡದ್ದನ್ನು ಹೊತ್ತು ಹಾಕಿ ಬರೆಯಬೇಕು. ಶನಿವಾರ ಸಂಜೆ ಐದರೊಳಗೆ ಯಾದಗಿರಿಯ ಅಧ್ಯಯನ ಕೇಂದ್ರಕ್ಕೆ ಒಪ್ಪಿಸಬೇಕು. ತಪ್ಪಿದರೆ ಒಂದು ವರ್ಷ ಹೋಯಿತು.

ಶಾಲೆಯ ಆಟೋ ಓಡಿಸುವ ಅಲ್ತಾಫ್ ದಾರಿ ತೋರಿಸಿದ. "ನಮ್ಮ ತಂಗಿ ಮಮ್ತಾಜ ರಾಮಸಮುದ್ರದಾಗ ಅದಾಳ. ಆಕಿ ಮಗಳು ಅಂಜುಮ್‌ಗೆ ನಾಕು ವರ್ಷ. ನಿನ್ನ ಮಾರಿನೇ ನೋಡಿಲ್ಲ ಅದು."

ಶನಿವಾರ ಅಂಬ್ರಪ್ಪ ಬಸ್ಸಿನಲ್ಲಿರುವಾಗಲೇ ಮಮ್ತಾಜಳ ಫೋನ್ ಬಂತು. "ಅಣ್ಣಾರ, ನಾ ಯಾದಗಿರಿ ದವಾಖಾನಿಗೆ ಹೊಂಟೀನ್ರಿ. ಕೂಸು ಬಾಜೂ ಮನಿ ಜೈತುನಬೀ ಖಾಲಾನ ಹಂತ್ಯಾಕ ಅದ. ಕೆಂಪು ಫ್ರಾಕ್ ಹಾಕೀನಿ. ನೀವು ಬರೂದು ಖಾಲಾಗ ಹೇಳ್ತೀನ್ರಿ."

ಹೇಳುವುದು ಆಕೆಗೆ ಮರೆತೇಹೋಯಿತು. ಅದು ಅಂಬ್ರಪ್ಪನಿಗೆ ಹೇಗೆ ಗೊತ್ತಾಗಬೇಕು? ಹನ್ನೊಂದೂವರೆಗೆ ಅವನು ಜೈತುನಬೀ ಮನೆಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ ಬಿಚ್ಚಿದ.

ಅಂಜುಮ್ ಮೊದಲು ತನ್ನ ರೊಟ್ಟಿಯನ್ನು ಆಡಿನ ಮರಿಗೆ ತಿನ್ನಿಸಿದಳು. ಆಮೇಲೆ ಮರಿಯ ಸೊಪ್ಪನ್ನು ತಾನು ತಿಂದು ನೋಡಿದಳು. ತೊಗರಿ ಹಸನು ಮಾಡುತ್ತಿದ್ದ ಜೈತುನಬೀ ಗೋಡೆಗೊರಗಿ ಕಣ್ಣು ಮುಚ್ಚಿದ್ದೇ ತಡ, ಎರಡು ಹಿಡಿ ತೊಗರಿಯನ್ನು ಮುದುಕಿಯ ಚಪ್ಪಲಿಗೆ ಸುರಿದು, ನೀರು ಹಾಕಿ, ಕಡ್ಡಿಯಿಂದ ತಿರುವಿದಳು. ಅಂಬ್ರಪ್ಪನ ಕೈ ತುರಿಸಿತು, ಪುಸ್ತಕ ಬೇಡವೆಂದಿತ್ತು. ಹುಡುಗಿ ಒಂದು ಕಾಳನ್ನು ಮೂಗಿನ ಹತ್ತಿರ ಒಯ್ದಳು. ಅಂಬ್ರಪ್ಪ ಅರ್ಧ ಎದ್ದ. ಏನು ತಿಳಿಯಿತೋ, ಅವಳು ಅದನ್ನು ಮರಿಯ ಕಿವಿಗೆ ಹಾಕಿದಳು. ಅಂಬ್ರಪ್ಪ ಬೆವರೊರೆಸಿಕೊಂಡು ಕೂತ.

ಇನ್ನು ಐದೇ ನಿಮಿಷ ಉಳಿದಿತ್ತು. ಕಿವಿ ಕೊಡವುತ್ತ ಮರಿ ರಸ್ತೆಯ ಕಡೆ ಓಡಿತು. ಅದರ ಹಿಂದೆ ಅಂಜುಮ್. ಹತ್ತು ಹೆಜ್ಜೆ ಹಿಂದೆ, ಬರೆಯುತ್ತಲೇ, ಅಂಬ್ರಪ್ಪ. ತಿರುವಿನಲ್ಲಿ ಗುರುಮಠಕಲ್ ಬಸ್ಸಿನ ಹಾರ್ನ್ ಕೇಳಿತು. ಮರಿ ದಾಟಿಬಿಟ್ಟಿತು. ಹುಡುಗಿ ನಟ್ಟನಡುವೆ ನಿಂತಳು.

ಪೆನ್ನು ಎಲ್ಲಿ ಬಿತ್ತೋ. ಅಂಬ್ರಪ್ಪ ಜಿಗಿದು ಅವಳನ್ನು ಬಾಚಿಕೊಂಡು ಆಚೆ ಬಿದ್ದ. ಬಸ್ಸು ದೂಳೆಬ್ಬಿಸಿ ಹೋಯಿತು.

"ಇನ್ನೊಮ್ಮಿ!" ಎಂದಳು ಅಂಜುಮ್.

ಬೆನ್ನ ಹಿಂದೆ ಜೈತುನಬೀ ಚೀರಿದಳು. "ಹಿಡೀರಿ! ಕೂಸು ಒಯ್ಯಾಕತ್ತಾನ!"

ಕಣ್ಣು ಪಿಳುಕಿಸುವಷ್ಟರಲ್ಲಿ ಮೂವತ್ತು ಮಂದಿ ನೆರೆದರು. ಕಿರಾಣಿ ಅಂಗಡಿಯ ಚನ್ನಯ್ಯ ಅಂಬ್ರಪ್ಪನ ಕಾಲರ್ ಹಿಡಿದ ರಭಸಕ್ಕೆ ಅದು ಅರ್ಧ ಕಿತ್ತು ಬಂತು.

"ಯಾವೂರೋ ನಿಂದು?"

"ಶಹಾಪುರ್ರಿ. ನಾ ಓದಾಕತ್ತೀನ್ರಿ. ಶಿಶು ಶಿಕ್ಷಣ್ರಿ."

"ಇಷ್ಟುದ್ದ ಮೀಸಿ ಬಿಟ್ಟು ಶಿಶುವಿಂದು ಓದ್ತಾನಂತ!"

ಯಾರೋ ನೋಟ್‌ಬುಕ್ ಕಿತ್ತು ಚನ್ನಯ್ಯನ ಕೈಗೆ ಕೊಟ್ಟರು. ಅವನು ಗಂಟಲು ಸರಿಮಾಡಿಕೊಂಡು ಓದಿದ.

"'ಹನ್ನೊಂದು ನಲವತ್ತು. ಮಗು ಅಂಗಳದಲ್ಲಿ ಒಂಟಿಯಾಗಿದೆ.'"

ಗುಂಪು ಒಂದು ಹೆಜ್ಜೆ ಮುಂದೆ ಬಂತು.

"'ಹನ್ನೆರಡು ಹತ್ತು. ಮುದುಕಿ ನಿದ್ದೆ ಹೋದರು.'"

"ನಾ ಎಲ್ಲಿ ಮಲಗಿದ್ದೆ! ಬರೇ ಕಣ್ಣು ಮುಚ್ಚಿದ್ದೆ!" ಎಂದಳು ಜೈತುನಬೀ.

"'ಹನ್ನೆರಡು ಮೂವತ್ತೈದು. ಮಗುವಿಗೆ ಅಪರಿಚಿತರ ಭಯವಿಲ್ಲ. ಮಿಠಾಯಿಯವನ ಹಿಂದೆ ತಾನಾಗಿ ನಾಲ್ಕು ಹೆಜ್ಜೆ ಹೋಯಿತು.'"

ಚನ್ನಯ್ಯ ಓದುವುದನ್ನು ನಿಲ್ಲಿಸಿದ. ತನ್ನದೇ ಅಕ್ಷರಗಳು ಅಂಬ್ರಪ್ಪನ ಕಿವಿಗೇ ಪೊಲೀಸ್ ಹೇಳಿಕೆಯ ಹಾಗೆ ಕೇಳಿಸಿದವು. ಒಬ್ಬ ಎಮ್ಮೆ ಕಟ್ಟುವ ಹಗ್ಗ ತಂದ. ಇಬ್ಬರು ಮೊಬೈಲಿನಲ್ಲಿ ಏನೋ ಟೈಪ್ ಮಾಡತೊಡಗಿದರು.

"ಮಮ್ತಾಜಗ ಫೋನ್ ಹಚ್ಚಿ ನೋಡ್ರಿ, ಕೈ ಮುಗೀತೀನಿ," ಎಂದು ಅಂಬ್ರಪ್ಪ ಅಂಗಲಾಚಿದ.

ಹಚ್ಚಿದರು. ಸ್ವಿಚ್ ಆಫ್. ಮೂರಕ್ಕೆ ಹಚ್ಚಿದರು. ಸ್ವಿಚ್ ಆಫ್. ಚನ್ನಯ್ಯನ ಅಂಗಡಿಯ ಗಡಿಯಾರದ ಮುಳ್ಳು ಅಂಬ್ರಪ್ಪನ ಎದೆಯ ಮೇಲೆಯೇ ನಡೆದಂತಿತ್ತು. ಮೂರೂವರೆಗೆ ಫೋನ್ ಹತ್ತಿತು. ಚನ್ನಯ್ಯ ಸ್ಪೀಕರ್ ಒತ್ತಿದ.

"ಹೌದ್ರಿ ಕಾಕಾ," ಎಂದಳು ಮಮ್ತಾಜ, "ಅವರಿಗೆ ನಾನೇ ಬರ್ರಿ ಅಂದೀನಿ. ನನ್ನ ಮಗಳನ್ನ ನೋಡಾಕ ಬಂದಾರ."

"ಹೈ ಅಲ್ಲಾ!" ಜೈತುನಬೀ ಎದೆ ಬಡಿದುಕೊಂಡಳು. "ನಾಕು ವರ್ಷದ ಕೂಸಿನ್ನ ಹೆಣ್ಣು ನೋಡಾಕ ಬಂದಾನ!"

ಹಗ್ಗ ಅಂಬ್ರಪ್ಪನ ಎರಡೂ ಕೈ ಸುತ್ತಿತು. ಮಮ್ತಾಜ ಆ ಕಡೆಯಿಂದ ಚೀರಿ ಚೀರಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಬಸ್ಸಿನ ಸಂಗತಿಯನ್ನು ರಸ್ತೆಯ ಆಚೆ ಬದಿಯ ಪಂಕ್ಚರ್ ಅಂಗಡಿಯ ಲಾಡ್ಲೇಸಾಬ ಕಣ್ಣಾರೆ ಕಂಡೆನೆಂದ. ಮೊದಲೇ ಹೇಳಬೇಕೆಂದಿದ್ದನಂತೆ, ಯಾರೂ ಕೇಳಲಿಲ್ಲವಂತೆ. ಹಗ್ಗ ಬಿಚ್ಚಿದರು. ಜೈತುನಬೀ ಅಳುತ್ತ ಅವನ ಕೈ ಹಿಡಿದಳು, ಚಹಾ ಕುಡಿಯದೆ ಬಿಡಲಿಲ್ಲ. ಚಹಾ ಬರುವಷ್ಟರಲ್ಲಿ ಅಂಬ್ರಪ್ಪ ಯಾರದೋ ಪೆನ್ನು ಇಸಿದುಕೊಂಡು ನೋಟ್‌ಬುಕ್ಕಿನ ಕೊನೆಯ ಸಾಲು ಬರೆದ. ಚನ್ನಯ್ಯ ತನ್ನ ಬೈಕಿನಲ್ಲೇ ಯಾದಗಿರಿಗೆ ಮುಟ್ಟಿಸಿದ. ಐದಕ್ಕೆ ಎಂಟು ನಿಮಿಷ ಕಡಿಮೆ ಇತ್ತು.

ಅಧ್ಯಯನ ಕೇಂದ್ರದ ಪಾರ್ವತೆಮ್ಮ ಮೇಡಂ ಪುಟ ಪುಟ ಓದಿದರು. ಕೊನೆಯ ಸಾಲಿನಲ್ಲಿ ಬೆರಳಿಟ್ಟರು.

"ಎರಡು ಇಪ್ಪತ್ತೈದಕ್ಕ ಮಗುವನ್ನ ಎತ್ಕೊಂಡೀರಿ?"

"ಹೌದ್ರಿ ಮೇಡಂ. ನಿಯಮ ಮುರದೀನ್ರಿ."

"ಎತ್ಕೊಳ್ಳದಿದ್ರ ಫೇಲ್ ಮಾಡ್ತಿದ್ದೆ," ಎಂದು ಅವರು ಸಹಿ ಹಾಕಿ, ನೋಟ್‌ಬುಕ್ಕನ್ನು ಅವನ ಕೈಗೇ ಕೊಟ್ಟರು. ಪಾಸ್!

ಅಂಬ್ರಪ್ಪ ಹೊರಗೆ ಬಂದು ರಸ್ತೆಯಲ್ಲೇ ಒಂದು ಸುತ್ತು ತಿರುಗಿದ. ಫೋನ್ ಹೊಡೆದುಕೊಂಡಿತು. ಶ್ರೀಮಂತ ಸರ್.

"ಸರ್, ಪಾಸಾದೆ ಸರ್!"

"ಅದಿರಲಿ. ರಾಮಸಮುದ್ರ ಕಡಿ ಮಕ್ಕಳ ಕಳ್ಳ ಬಂದಾನಂತ. ಎಲ್ಲಾರ ಮೊಬೈಲಿನಾಗ ಅದೇ ಸುದ್ದಿ. ಪಾಲಕರು ನನ್ನ ತಲಿ ತಿನ್ನಾಕತ್ತಾರ. ಸೋಮವಾರದಿಂದ ನೀ ದಿನಾ ಪೂರಾ ಗೇಟಿನಾಗ ನಿಲ್ಲಬೇಕು. ಎಲ್‌ಕೆಜಿ ಮುಂದಿನ ವರ್ಷ ನೋಡೂಣು."

"ಸರ್, ಆತ ಕಳ್ಳ ಅಲ್ರಿ..."

"ನಿನಗೇನು ಗೊತ್ತು? ಆತನ ಚಹರಾ ಬರಕೊ. ಉದ್ದ ಮೀಸಿ, ಬಿಳಿ ಅಂಗಿ, ಕಾಲರ್ ಹರದದ, ಕೈಯಾಗ ಒಂದು ನೋಟ್‌ಬುಕ್. ಕಂಡ ಕೂಡ್ಲೇ ಹಿಡದು ಕಟ್ಟಿಹಾಕು. ತಿಳೀತಿಲ್ಲೋ?"

ಅಂಬ್ರಪ್ಪ ಹಿಂದೆ ಮುಂದೆ ನೋಡಿದ. ನೋಟ್‌ಬುಕ್ಕನ್ನು ಅಂಗಿಯೊಳಗೆ ತುರುಕಿ, ಕಾಲರನ್ನು ಅಂಗೈಯಿಂದ ಮುಚ್ಚಿಕೊಂಡ.

"ಹೂನ್ರಿ ಸರ್," ಎಂದ. "ಬಿಡಂಗಿಲ್ರಿ ಅವನ್ನ."