ತಮ್ಮ ನಿಲ್ದಾಣವನ್ನು ಎಡಬಲ ಅದಲುಬದಲು ಮಾಡಿಕೊಡುವ ಬಗ್ಗೆ

ಇವರಿಗೆ,
ಹಳೆಯ ನಿಲ್ದಾಣ ಕಟ್ಟಡಗಳ ಮುಖ್ಯ ಉಸ್ತುವಾರಿ ಅಧಿಕಾರಿಗಳು,
ರೈಲ್ವೆ ಇಲಾಖೆ, ಮೂರನೆಯ ಮಹಡಿ,
'ಲಿಫ್ಟ್ ಕೆಟ್ಟಿದೆ' ಎಂಬ ಶಾಶ್ವತ ಫಲಕದ ಎದುರಿನ ಕೋಣೆ.

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಕುರ್ಚಿಯ ಆರೋಗ್ಯ, ಹಾಗೂ ನನ್ನ ಹಿಂದಿನ ನಾಲ್ಕು ಅರ್ಜಿಗಳು ಫ್ಯಾನಿನ ಗಾಳಿಗೆ ಹಾರಿಹೋಗದಂತೆ ಅದುಮಿ ಹಿಡಿದಿರುವ ಆ ಗಾಜಿನ ಗುಂಡಿನ ಆರೋಗ್ಯ, ಮೂರೂ ಚೆನ್ನಾಗಿವೆಯೆಂದು ನಂಬಿ ಈ ಐದನೆಯ ಪತ್ರವನ್ನು ಅತ್ಯಂತ ವಿನಯದಿಂದ ಬರೆಯುತ್ತಿದ್ದೇನೆ. ಮೊದಲ ನಾಲ್ಕನ್ನು ತಮಗೊಬ್ಬರಿಗೇ ಬರೆದಿದ್ದೆ, ತಾವು ಓದಲಿಲ್ಲ. ಆದ್ದರಿಂದ ಇದನ್ನು ಊರಿಗೆಲ್ಲ ಬರೆಯುತ್ತಿದ್ದೇನೆ. ಓದಿದವರಲ್ಲಿ ಯಾರಾದರೂ ಮೆಟ್ಟಿಲು ಹತ್ತಿ ಬಂದು ತಮಗೆ ಹೇಳಿಯಾರು ಎಂಬ ಆಸೆ.

ನಾನು ಹಲ್ಲಿನ ಸೆಟ್ ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳುಹಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣ ತಿದ್ದಿ, ಹಲ್ಲು ಕೂರಿಸಿ ಕೊಡುತ್ತೇನೆ. ಇಪ್ಪತ್ತಾರು ವರ್ಷಗಳಲ್ಲಿ ಒಬ್ಬರ ಎಡದವಡೆಯ ಹಲ್ಲನ್ನೂ ಬಲಕ್ಕೆ ಕೂರಿಸಿದವನಲ್ಲ ಎಂಬುದನ್ನು ಇಲ್ಲಿಯೇ ದಾಖಲಿಸುತ್ತೇನೆ, ಮುಂದೆ ಬೇಕಾಗುತ್ತದೆ. ಬಿಡುವಿನಲ್ಲಿ ಅದೇ ಪ್ಲಾಸ್ಟರಿನಿಂದ, ಅದೇ ಚಿಕ್ಕ ಚಾಕುಗಳಿಂದ, ಪುಟ್ಟ ಹಳಿಯ ಮೇಲೆ ಓಡುವ ಪುಟ್ಟ ರೈಲಿಗೆ ತಕ್ಕ ಪುಟ್ಟ ಕಟ್ಟಡಗಳನ್ನು ಮಾಡುವುದು ನನ್ನ ಚಟ. ಅಂಗಡಿಯಲ್ಲಿ ಸಿಗುವ ಸಿದ್ಧ ಮನೆಗಳನ್ನು ತಂದು ಅಂಟಿಸಿ ಎದೆಯುಬ್ಬಿಸುವವರ ಪೈಕಿ ನಾನಲ್ಲ. ನಿಜವಾಗಿ ಇರುವ ಕಟ್ಟಡವನ್ನು, ಅದು ಇರುವ ಹಾಗೆಯೇ, ಒಂದಡಿಗೆ ಕಾಲಿಂಚಿನ ಲೆಕ್ಕದಲ್ಲಿ, ಗೋಡೆಯ ಬಿರುಕನ್ನೂ ಬಿಡದೆ ಇಳಿಸುವವನು.

ಹಾಗೆ ಇಳಿಸಿದ್ದು ತಮ್ಮ ಹಳೆಯ ನಿಲ್ದಾಣವನ್ನು. ನನ್ನ ಅಕ್ಕ ಅಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಕೊಟ್ಟವಳು. ಊರಿನ ಅರ್ಧ ಜನ ಅವಳನ್ನು ಇವತ್ತಿಗೂ ಟಿಕೆಟ್ ಅಕ್ಕ ಎಂದೇ ಕರೆಯುತ್ತಾರೆ. ನಿವೃತ್ತಿಯಾದ ಮೇಲೆ ಅವಳ ಕಣ್ಣು ಸ್ವಲ್ಪಸ್ವಲ್ಪವಾಗಿ ಮಂದವಾಗುತ್ತ ಬಂದು, ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತದೆ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಅವಳು, "ನೋಡೋಕಂತೂ ಆಗಲ್ಲ, ಮುಟ್ಟಿಯಾದ್ರೂ ನೋಡ್ತೀನಿ, ನನ್ನ ಸ್ಟೇಷನ್ ಮಾಡಿಕೊಡೋ" ಎಂದಳು. ಅಕ್ಕ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು, ಹಾಗಾಗಿ ಇದು ನನಗೆ ಬರಿಯ ಚಟದ ಮಾತಾಗಿ ಉಳಿಯಲಿಲ್ಲ.

ಆದರೆ ಅಷ್ಟರಲ್ಲಿ ತಾವು ದೊಡ್ಡ ಮನಸ್ಸು ಮಾಡಿ, ನವೀಕರಣದ ಹೆಸರಿನಲ್ಲಿ ನಿಲ್ದಾಣದ ಸುತ್ತ ಆಳೆತ್ತರದ ತಗಡು ಹೊಡೆಸಿ, ರೈಲುಗಳನ್ನು ಅರ್ಧ ಮೈಲಿ ಆಚೆಯ ಶೆಡ್ಡಿನ ಬಳಿ ನಿಲ್ಲಿಸಲು ಶುರುಮಾಡಿದ್ದಿರಿ. ಒಳಗೆ ನಾಲ್ಕು ವರ್ಷದಿಂದ ಒಂದು ಸುತ್ತಿಗೆಯ ಸದ್ದೂ ಕೇಳಿಬಂದಿಲ್ಲ. ಇಷ್ಟು ಸದ್ದಿಲ್ಲದೆ ಕೆಲಸ ಮಾಡುವ ಇಲಾಖೆ ಇನ್ನೊಂದಿರಲಾರದು. ಅಳತೆ ತೆಗೆಯಲು ಅನುಮತಿ ಕೇಳಿ ನಾನು ಬರೆದ ಅರ್ಜಿಗಳು ಆ ಗಾಜಿನ ಗುಂಡಿನ ಆಶ್ರಯ ಪಡೆದವು. ಬೇರೆ ದಾರಿಯಿಲ್ಲದೆ, ಅಕ್ಕನ ಪೆಟ್ಟಿಗೆಯಲ್ಲಿದ್ದ ಒಂದು ಫಿಲ್ಮ್ ಸುರುಳಿಯನ್ನು ಹುಡುಕಿ ತೆಗೆದೆ. ಅವಳ ನಿವೃತ್ತಿಯ ದಿನ, ಈಗ ನಮ್ಮೊಂದಿಗಿಲ್ಲದ ಭಾವ ಹಳೆಯ ಕ್ಯಾಮೆರಾದಲ್ಲಿ ತೆಗೆದು, ತೊಳೆಸಿ, ಪ್ರಿಂಟ್ ಹಾಕಿಸಲು ಮರೆತ ಚಿತ್ರ ಅದರಲ್ಲಿತ್ತು: ನಿಲ್ದಾಣದ ಇಡೀ ಮುಂಭಾಗ, ಟಿಕೆಟ್ ಕಿಟಕಿ, ಕಿಟಕಿಯಿಂದ ಹೊರಗೆ ಚಾಚಿದ ಅಕ್ಕನ ಕೈ.

ಸ್ಟುಡಿಯೋದವನು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟ. ಇಟ್ಟಿಗೆಯ ಒಂದು ವರಸೆಗೆ ಮೂರಿಂಚು ಎಂಬುದು ಗೊತ್ತಿದ್ದರೆ ಸಾಕು, ವರಸೆ ಎಣಿಸಿ ಗೋಡೆಯ ಎತ್ತರ ಹೇಳಬಹುದು; ಹಾಗೆ ಭೂತಗನ್ನಡಿ ಹಿಡಿದು ನಾನು ಎಣಿಸಿದ ಮುಂಗೋಡೆಯ ಇಟ್ಟಿಗೆಗಳು ಏಳು ಸಾವಿರದ ಇನ್ನೂರ ಹದಿನೆಂಟು. ಅಷ್ಟನ್ನೂ ಪ್ಲಾಸ್ಟರಿನಲ್ಲಿ ಒಂದೊಂದಾಗಿ ಗೀರಿದೆ. ಬಣ್ಣಕ್ಕೆ ಕೃತಕ ವಸಡಿಗೆ ಬಳಸುವ ಗುಲಾಬಿ ಪುಡಿಯನ್ನೇ ಚಹಾದಲ್ಲಿ ಕಲಸಿ ಹಚ್ಚಿದ್ದರಿಂದ, ನಿಲ್ದಾಣ ನಗುತ್ತಿರುವ ಹಾಗೆ ಕಾಣುತ್ತದೆ ಎಂದು ಪಕ್ಕದ ಮನೆಯವರು ಆಡಿಕೊಂಡರು. ಎರಡೂವರೆ ಅಡಿ ಉದ್ದದ ಈ ನಿಲ್ದಾಣ ಊಟದ ಮೇಜನ್ನು ಆಕ್ರಮಿಸಿಕೊಂಡು ನಾಲ್ಕು ವರ್ಷವಾಯಿತು. ನನ್ನ ಮನೆಯವಳು ಅಷ್ಟೂ ದಿನ ತಟ್ಟೆಯನ್ನು ಕಿಟಕಿಯ ಅಂಚಿನ ಮೇಲಿಟ್ಟುಕೊಂಡು ನಿಂತೇ ಊಟ ಮಾಡಿದ್ದಾಳೆ, ಮತ್ತು ಅದನ್ನು ದಿನಕ್ಕೆರಡು ಸಲ ನನಗೆ ನೆನಪಿಸಿದ್ದಾಳೆ.

ಹೋದ ತಿಂಗಳು ಕೆಲಸ ಮುಗಿಯಿತು. ಅಕ್ಕನನ್ನು ಕರೆತಂದು ಮೇಜಿನ ಹಿಂಬದಿಗೆ ಕೂರಿಸಿ, ಚಾವಣಿ ತೆಗೆದು, ಅವಳ ಕೈಯನ್ನು ಟಿಕೆಟ್ ಕೋಣೆಯೊಳಗೆ ಇಳಿಸಿದೆ. ಅವಳ ಕಿರುಬೆರಳ ತುದಿ ಸರಿಯಾಗಿ ಹೊಗುವಷ್ಟೇ ಅಗಲ ಆ ಕಿಟಕಿ. ಬೆರಳು ಹೊರಗೆ ಹೋಯಿತು, ಮುಖ ಅರಳಿತು; ಆಮೇಲೆ ಬೆರಳು ಪಕ್ಕಕ್ಕೆ ಸರಿದು ಏನನ್ನೋ ಹುಡುಕಿತು, ಸಿಗಲಿಲ್ಲ. "ಗೋಡೆ ಎಲ್ಲೋ? ನನ್ನ ಎಡಕ್ಕೆ ಗೋಡೆ ಇರಬೇಕಲ್ಲ. ಇದು ಯಾರ ಕಿಟಕಿ?" ಎಂದು ಕೇಳಿದಳು.

ಮಾನ್ಯರೇ, ಸ್ಟುಡಿಯೋದವನು ಫಿಲ್ಮನ್ನು ಮಗುಚಿ ಹಾಕಿ ಪ್ರಿಂಟ್ ತೆಗೆದಿದ್ದ. ನಾನು ನಾಲ್ಕು ವರ್ಷ ಕೂತು, ಬಿರುಕನ್ನೂ ಬಿಡದೆ, ತಮ್ಮ ನಿಲ್ದಾಣವನ್ನು ಎಡಬಲ ಅದಲುಬದಲಾಗಿ ಕಟ್ಟಿದ್ದೆ.

ಇದರಲ್ಲಿ ತಮ್ಮ ಇಲಾಖೆಯ ಪಾತ್ರವೇನು ಎಂದು ತಾವು ಕೇಳಬಹುದು, ಅಂದರೆ ಎಂದಾದರೂ ಕೇಳುವುದಾದರೆ. ಚಿತ್ರ ಮಗುಚಿದೆ ಎಂದು ತಿಳಿಯಲು ಅದರಲ್ಲಿ ಒಂದೇ ಒಂದು ಅಕ್ಷರವಿದ್ದರೆ ಸಾಕಿತ್ತು. ಆದರೆ ಬಣ್ಣ ಬಳಿಯಲೆಂದು ಇಳಿಸಿದ ನಿಲ್ದಾಣದ ಹೆಸರಿನ ಫಲಕ ಆ ದಿನ ಮಾತ್ರವಲ್ಲ, ಆ ವರ್ಷವಿಡೀ ಗೋದಾಮಿನಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ಹೋಗಲಿ, ಗಡಿಯಾರವಿತ್ತಲ್ಲ ಎಂದರೆ, ಅಂಕಿಗಳಿಲ್ಲದೆ ಬರಿಯ ಗೆರೆಗಳಿರುವ ಆ ದೊಡ್ಡ ಗಡಿಯಾರ ಹದಿನೇಳು ವರ್ಷಗಳಿಂದ ಸರಿಯಾಗಿ ಆರು ಗಂಟೆಗೆ ನಿಂತಿದೆ. ಎಡಬಲ ಮಾಡಿದರೂ ಆರು ಗಂಟೆಯಾಗಿಯೇ ಕಾಣುವ ಹೊತ್ತನ್ನು ಹುಡುಕಿ ಕೆಟ್ಟು ನಿಲ್ಲುವ ಗಡಿಯಾರ ತಮ್ಮಲ್ಲಲ್ಲದೆ ಇನ್ನೆಲ್ಲಿ ಸಿಕ್ಕೀತು? ಅದು ಆರೂ ಐದಕ್ಕೆ ನಿಂತಿದ್ದರೂ ನಾನು ಬಚಾವಾಗುತ್ತಿದ್ದೆ.

ಆ ನಿಲ್ದಾಣಕ್ಕೆ ನೂರಾರು ಸಲ ಹೋದವನಿಗೆ ನೆನಪಿರಲಿಲ್ಲವೇ ಎಂದರೆ, ನೆನಪೂ ಫೋಟೋವೂ ಜಗಳಕ್ಕೆ ಬಿದ್ದಾಗ ನಾನು ಫೋಟೋದ ಪರ ನಿಂತೆ. ಒಂದು ತಪ್ಪನ್ನು ಮಾತ್ರ ತಮ್ಮ ತಲೆಗೆ ಕಟ್ಟಲಾರೆ. ನನ್ನ ಅಕ್ಕ ಎಡಚಿ. ಚಿತ್ರದಲ್ಲಿ ಕಿಟಕಿಯಿಂದ ಚಾಚಿದ್ದು ಬಲಗೈ. ಅದನ್ನು ದಿನಾ ಭೂತಗನ್ನಡಿಯಲ್ಲಿ ನೋಡುತ್ತಿದ್ದ ನಾನು, ಅವಳ ಜೊತೆಯಲ್ಲೇ ಬೆಳೆದ ನಾನು, ಇಟ್ಟಿಗೆ ಎಣಿಸುವ ಭರದಲ್ಲಿ ಅಕ್ಕನ ಕೈಯನ್ನೇ ಗುರುತಿಸಲಿಲ್ಲ. ಇದು ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಆ ಗೋಡೆಯ ವಿಷಯ ತಮ್ಮ ಕಡತಗಳಲ್ಲಿಯೂ ಇದೆ. ಒಳಗೆ ಕೂತವರ ಎಡ ಮೊಣಕೈಗೆ ಒತ್ತಿಕೊಂಡೇ ಗೋಡೆ ಇದ್ದುದರಿಂದ, ಎಡಗೈಯಲ್ಲಿ ಟಿಕೆಟ್ ಕೊಡುವ ಅಕ್ಕನ ಮೊಣಕೈ ಪ್ರತಿ ಟಿಕೆಟ್ಟಿಗೊಮ್ಮೆ ಅದಕ್ಕೆ ಬಡಿಯುತ್ತಿತ್ತು. ಅಲ್ಲಿನ ಚರ್ಮ ಇವತ್ತಿಗೂ ಗಟ್ಟಿ. ಕಿಟಕಿಯನ್ನು ಒಂದಡಿ ಸರಿಸಿಕೊಡಿ ಎಂದು ಅವಳು ಮೂರು ಸಲ ಅರ್ಜಿ ಹಾಕಿದ್ದಳು. 'ಒಬ್ಬ ನೌಕರರ ಮೊಣಕೈಗಾಗಿ ಕಟ್ಟಡದ ಮೂಲ ವಿನ್ಯಾಸದಲ್ಲಿ ಬದಲಾವಣೆ ಸಾಧ್ಯವಿಲ್ಲ' ಎಂದು ಮೂರು ಸಲವೂ ಉತ್ತರ ಬಂತು. ಮೂಲ ವಿನ್ಯಾಸದ ಮೇಲೆ ಇಲಾಖೆಗಿರುವ ಈ ಭಕ್ತಿಯನ್ನು ನೆನೆದು ಇಂದಿಗೂ ಕೈಮುಗಿಯುತ್ತೇನೆ.

ನನ್ನ ಮನೆಯವಳು ಒಂದು ಪರಿಹಾರ ಹುಡುಕಿದಳು. ಬಟ್ಟೆಯ ಕಪಾಟಿನ ಬಾಗಿಲಿನ ಕನ್ನಡಿಯನ್ನೇ ಕಳಚಿ ತಂದು ಮೇಜಿನ ಎದುರು ನಿಲ್ಲಿಸಿ, "ಇದ್ರಲ್ಲಿ ನೋಡಿ, ಎಲ್ಲ ಸರಿಯಾಗಿದೆ, ಇನ್ನು ಮೇಜು ಖಾಲಿ ಮಾಡಿ" ಎಂದಳು. ನಿಜವಾಗಿಯೂ ಎಲ್ಲ ಸರಿಯಾಗಿತ್ತು, ಕಣ್ಣಿದ್ದವರ ಪಾಲಿಗೆ. ಅಕ್ಕ ಕೈಚಾಚಿದರೆ ಗಾಜು ಸಿಕ್ಕಿತು.

ಆದ್ದರಿಂದ ಮಾನ್ಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ದಯವಿಟ್ಟು ನಿಲ್ದಾಣವನ್ನೇ ನನ್ನ ಮಾದರಿಗೆ ತಕ್ಕಂತೆ ಎಡಬಲ ಮಾಡಿಸಿ. ಸುಮ್ಮನೆ ತಿರುಗಿಸಿ ನಿಲ್ಲಿಸಿದರೆ ಬೆನ್ನು ಮುಂದಾಗುತ್ತದೆಯೇ ಹೊರತು ಉಪಯೋಗವಿಲ್ಲ. ಕೈಗವಸನ್ನು ಒಳಹೊರಗು ಮಾಡಿದಂತೆ ಇಡೀ ಕಟ್ಟಡವನ್ನು ಮಗುಚಬೇಕು. ಎರಡನೆಯ ಪ್ಲಾಟ್‌ಫಾರ್ಮಿನಿಂದ ಹೊರಟು ಯಾವ ಪ್ಲಾಟ್‌ಫಾರ್ಮಿಗೂ ಇಳಿಯದ ಮೇಲ್ಸೇತುವೆಯನ್ನು ಕಟ್ಟಿದ ತಮ್ಮ ಎಂಜಿನಿಯರುಗಳಿಗೆ ಇದು ಎಷ್ಟರ ಕೆಲಸ? ಜೊತೆಗೆ ಊರನ್ನೂ ಸೂರ್ಯನನ್ನೂ ಅದಲುಬದಲು ಮಾಡಿಸಿದರೆ ಸಂಜೆಯ ನೆರಳು ಕೂಡ ನನ್ನ ಮೇಜಿನ ಮೇಲಿನಂತೆಯೇ ಬೀಳುತ್ತದೆ.

ಇದು ಕಷ್ಟವೆನಿಸಿದರೆ, ಟೇಪು ಹಿಡಿದು ಒಳಗೆ ಹೋಗಲು ಎರಡು ಗಂಟೆ ಅವಕಾಶ ಕೊಡಿ. ಕಟ್ಟಡ ಕೆಡವುತ್ತಾರಂತೆ ಎಂಬ ಗಾಳಿಸುದ್ದಿ ಊರಿನಲ್ಲಿದೆ, ಅದಕ್ಕೇ ಈ ಅವಸರ. ಮತ್ತೆ ಏಳು ಸಾವಿರದ ಇನ್ನೂರ ಹದಿನೆಂಟು ಇಟ್ಟಿಗೆ ಗೀರುತ್ತೇನೆ, ಮನೆಯವಳು ಇನ್ನು ನಾಲ್ಕು ವರ್ಷ ನಿಂತು ಊಟ ಮಾಡುತ್ತಾಳೆ. ಅದೂ ಆಗದಿದ್ದರೆ ನಾನು ಹೊರಗೇ ಇರುತ್ತೇನೆ, ಅಕ್ಕನನ್ನೊಬ್ಬಳನ್ನು ಒಳಗೆ ಬಿಡಿ. ಅವಳು ಆ ಕಿಟಕಿಯಲ್ಲಿ ಒಮ್ಮೆ ಕೈಯಿಟ್ಟು ಬರಲಿ. ಹೋದ ವಾರ ನಾನು ತಗಡಿನ ತೂತಿನಲ್ಲಿ ಟೇಪು ತೂರಿಸುತ್ತಿದ್ದಾಗ ಹಿಡಿದ ತಮ್ಮ ಕಾವಲುಗಾರ, ವಿಳಾಸ ಬರೆದುಕೊಂಡು, ಉದ್ದೇಶ ಎಂಬ ಕಡೆ 'ಆಟದ ಸಾಮಾನು ಮಾಡಲು' ಎಂದು ನಮೂದಿಸಿದ್ದಾನೆ. ಆ ಪುಸ್ತಕವನ್ನಾದರೂ ತಾವು ಓದಿರುತ್ತೀರೆಂದು ಭಾವಿಸುತ್ತೇನೆ.

ಇಷ್ಟೆಲ್ಲ ಆದ ಮೇಲೂ ಒಂದಿಷ್ಟು ವಿಶ್ವಾಸ ಮಿಗಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಹಲ್ಲಿನ ಸೆಟ್ಟಿನವನು
(ಟಿಕೆಟ್ ಅಕ್ಕನ ತಮ್ಮ)

ಮರೆಯುವ ಮುನ್ನ: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ತಮ್ಮ ಕಚೇರಿಯ ಪತ್ರವೇ ಬಂತು. ಹಳೆಯ ಕಟ್ಟಡವನ್ನು ಕಳೆದ ಗುರುವಾರ ರಾತ್ರಿ ಎಂದಿನಂತೆ ಸದ್ದಿಲ್ಲದೆ ಕೆಡವಿದ್ದಾಗಿಯೂ, ಹೊಸ ನಿಲ್ದಾಣವನ್ನು ಅದೇ ರೂಪದಲ್ಲಿ ಕಟ್ಟಲು ಆದೇಶವಿರುವುದಾಗಿಯೂ, ಮೂಲ ನಕ್ಷೆಗಳನ್ನು ಗೆದ್ದಲು ತಿಂದಿರುವುದಾಗಿಯೂ, ಕಾವಲುಗಾರನ ಪುಸ್ತಕದಿಂದ ನನ್ನ ಮಾದರಿಯ ವಿಷಯ ತಿಳಿದು, ಅಳತೆ ತೆಗೆಯಲು ಇಬ್ಬರು ಎಂಜಿನಿಯರುಗಳಿಗೆ ನನ್ನ ಮನೆಯಲ್ಲಿ ಎರಡು ಗಂಟೆ ಅವಕಾಶ ಕೊಡಬೇಕಾಗಿಯೂ ಅದರಲ್ಲಿದೆ. ಓದಿ ಹೇಳಿದೆ. ಕಟ್ಟಡ ಕೆಡವಿದ ಸಾಲನ್ನು ಅಕ್ಕ ಎರಡು ಸಲ ಓದಿಸಿದಳು. ಆಮೇಲೆ ಅವಳು ಮೇಜಿನ ಹತ್ತಿರ ಹೋಗಿ, ಕಿಟಕಿಯೊಳಗೆ ಎಡಗೈಯ ಕಿರುಬೆರಳು ತೂರಿಸಿ, ಅತ್ತಿತ್ತ ಆಡಿಸಿ, "ಏನೂ ತಾಗಲ್ಲ ಕಣೋ. ಹಿಂಗೇ ಕಟ್ಟಲಿ ಬಿಡು" ಎಂದಳು. ತಮ್ಮ ಎಂಜಿನಿಯರುಗಳು ಧಾರಾಳವಾಗಿ ಬರಬಹುದು. ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ, ಉದ್ದೇಶ ಎಂಬ ಕಡೆ 'ಆಟದ ಸಾಮಾನು' ಎಂದು ಬರೆದು ಸಹಿ ಹಾಕಿದರೆ ಸಾಕು. ಮಾದರಿ ಎಡಬಲವಾಗಿರುವ ಸಂಗತಿಯನ್ನು ನಾನು ಮುಚ್ಚಿಟ್ಟೆನೆಂದು ನಾಳೆ ಯಾರೂ ಹೇಳಬಾರದಲ್ಲ, ಅದಕ್ಕಾಗಿ ಎಲ್ಲವನ್ನೂ ವಿವರವಾಗಿ ತಿಳಿಸಿರುವ ಈ ಪತ್ರವನ್ನು ಅವರ ಕೈಯಲ್ಲೇ ತಮಗೆ ತಲುಪಿಸುತ್ತಿದ್ದೇನೆ. ಊರಿಗೆ ಹಂಚಬೇಕೆಂದಿದ್ದ ಪ್ರತಿಗಳನ್ನು ಮಾತ್ರ ಸದ್ಯಕ್ಕೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಹಿಂದಿನ ನಾಲ್ಕನ್ನು ಓದಿದಷ್ಟೇ ಶ್ರದ್ಧೆಯಿಂದ ಇದನ್ನೂ ಓದುತ್ತೀರೆಂಬ ವಿಶ್ವಾಸ ನನಗೂ ಅಕ್ಕನಿಗೂ ಪೂರ್ತಿಯಾಗಿದೆ.